ಕೆಂಪು ಎಲ್ಲಿಂದ ಬಂತು ಎಂದು ಕೇಳಿಸಿದಳು ಕಾವೇರಮ್ಮ

ಎರಡನೇ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ, ಒಂದು ಕಕ್ಕಡ ತಿಂಗಳಲ್ಲಿ, ಜಡಿಮಳೆಯ ಕಾಲದಲ್ಲಿ, ನನ್ನ ಒಬ್ಬಳೇ ಮಗಳು ಗೌರಿಗೆ ನ್ಯುಮೋನಿಯಾ ಆಯಿತು. ಏಳು ವರ್ಷದವಳು. ಅವಳ ತಾಯಿ ತೀರಿಕೊಂಡು ಆಗ ವರ್ಷವೂ ತುಂಬಿರಲಿಲ್ಲ. ಹುದಿಕೇರಿ ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ನಾನು ಅವಳನ್ನು ಕಂಬಳಿಯಲ್ಲಿ ಸುತ್ತಿ, ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಪೇಟೆಯ ಆಸ್ಪತ್ರೆಗೆ ತಂದೆ. ಏರು ಬಂದಲ್ಲೆಲ್ಲ ಮಿಕ್ಕವರು ಇಳಿದು ತಳ್ಳುತ್ತಿದ್ದರು. ನಾನು ಅವಳ ಎದೆಯ ಗೊರಗೊರ ಕೇಳುತ್ತಾ ಕೂತಿದ್ದೆ. ಆ ಊರಿನಲ್ಲಿ ನಮಗೆ ಯಾರೂ ಇರಲಿಲ್ಲ.

ಡಾಕ್ಟರು ಮೈಸೂರು ಕಡೆಯವರು, ಹೊಸಬರು. ನ್ಯುಮೋನಿಯಾಕ್ಕೆ ಆಗ ಕೊಡುತ್ತಿದ್ದ ಸಲ್ಫಾ ಮಾತ್ರೆ ಶುರು ಮಾಡಿದರು. ಮೂರನೆಯ ದಿನ ಜ್ವರ ಸ್ವಲ್ಪ ಇಳಿಯಿತು. ಅಂದು ಕಕ್ಕಡ ಹದಿನೆಂಟು. ಆ ದಿನ ಮದ್ದುಸೊಪ್ಪು ಎಂಬ ಕಾಡುಗಿಡದ ಎಲೆಯಲ್ಲಿ ಹದಿನೆಂಟು ಬಗೆಯ ಔಷಧಿ ಕೂಡಿರುತ್ತದೆಂದು ಕೊಡಗಿನ ನಮ್ಮವರೆಲ್ಲ ಅದರ ಪಾಯಸ ಉಣ್ಣುತ್ತಾರೆ. ನನ್ನ ಹೆಂಡತಿ ಒಂದು ವರ್ಷವೂ ತಪ್ಪಿಸಿದವಳಲ್ಲ. ವಾರ್ಡಿಗೆ ಹೊರಗಿನ ತಿನಿಸು ತರಬಾರದೆಂಬ ಕಟ್ಟಪ್ಪಣೆ ಇದ್ದರೂ, ಬೇಲಿಯಿಂದ ಸೊಪ್ಪು ಕಿತ್ತು, ಆಸ್ಪತ್ರೆ ಪಕ್ಕದ ಛತ್ರದ ಒಲೆಯಲ್ಲಿ ನಾನೇ ಪಾಯಸ ಮಾಡಿ, ಯಾರೂ ನೋಡದಾಗ ಮಗಳಿಗೆ ನಾಲ್ಕು ಚಮಚ ತಿನ್ನಿಸಿದೆ. ತಳ ಹಿಡಿದಿತ್ತು. ಪಾಪ, ಚೆನ್ನಾಗಿದೆ ಅಂದಳು.

ಮರುದಿನ ಬೆಳಿಗ್ಗೆ ಮಂಗಳೂರು ಕಡೆಯ ನರ್ಸಮ್ಮ ಓಡಿಬಂದರು. "ಡಾಕ್ಟ್ರೇ, ಮಗುವಿಗೆ ರಕ್ತ ಹೋಗ್ತಾ ಉಂಟು. ಮೂತ್ರ ಎಲ್ಲ ಕೆಂಪು."

ಡಾಕ್ಟರ ಮುಖ ಬಿಳಿಚಿತು. ಆ ಸಲ್ಫಾ ಮದ್ದು ಮೈಯಿಂದ ಹೊರಗೆ ಹೋಗದೆ ಉಳಿದರೆ ಮೂತ್ರಪಿಂಡ ಕೆಡುತ್ತದಂತೆ. ಮಾತ್ರೆ ನಿಲ್ಲಿಸಿದರು. "ಕೊಟ್ರೆ ಮೂತ್ರಪಿಂಡ ಹೋಗುತ್ತೆ, ಬಿಟ್ರೆ ಜ್ವರ ಬಿಡಲ್ಲ. ರಕ್ತದಲ್ಲಿ ಮದ್ದು ಎಷ್ಟಿದೆ ಅಂತ ಅಳೆದು ನೋಡ್ಬೇಕು" ಎಂದು ಸೂಜಿ ಚುಚ್ಚಿ ರಕ್ತ ತೆಗೆದುಕೊಂಡು ಹೋದರು.

ಮದ್ದುಸೊಪ್ಪು ತಿಂದರೆ ಮೂತ್ರ ಕೆಂಪಾಗುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನನಗೆ ಗೊತ್ತಿರಲಿಲ್ಲವೇ? ಬಾಯಿ ಬರಲಿಲ್ಲ. ಹಿಂದಿನ ದಿನ ತಾನೇ ಗಂಜಿ ತಂದ ಮುದುಕಿಯೊಬ್ಬಳನ್ನು ಹೊರಗೆ ಕಳಿಸಿದ್ದರು. ನನ್ನನ್ನೂ ಕಳಿಸಿದರೆ ಮಗಳ ಹತ್ತಿರ ಯಾರಿರುತ್ತಾರೆ? ಒಂದು ವೇಳೆ ಅದು ನಿಜವಾಗಿ ರಕ್ತವೇ ಆಗಿದ್ದರೆ? ಹೀಗೆ ನೆಪ ಹುಡುಕಿಕೊಂಡು ಸುಮ್ಮನಾದೆ. ಹೇಡಿ ನಾನು.

ಲ್ಯಾಬೊರೇಟರಿಯ ಕಿಟಕಿಯ ಹೊರಗೆ ಹೋಗಿ ನಿಂತೆ. ರಕ್ತದ ಮೇಲೆ ನಿಂತ ತಿಳಿಯನ್ನು ಡಾಕ್ಟರು ಬೇರೆ ಮಾಡಿ ಏನೇನೋ ಹನಿ ಹಾಕಿದರು. ಅದು ನಸುಗೆಂಪಾಯಿತು. ಮದ್ದು ಹೆಚ್ಚಿದ್ದಷ್ಟೂ ಬಣ್ಣ ಗಾಢವಂತೆ. ಅಳತೆ ಗೊತ್ತಿದ್ದ ಬೇರೆ ನಳಿಗೆಗಳ ಪಕ್ಕದಲ್ಲಿಟ್ಟು ಬೆಳಕಿಗೆ ಎತ್ತಿ ಎತ್ತಿ ನೋಡಿದರು. ಆ ಹೊತ್ತು ನನ್ನಷ್ಟು ಒಂಟಿ ಮನುಷ್ಯ ಕೊಡಗಿನಲ್ಲಿ ಇರಲಿಲ್ಲ. ಹೆಂಡತಿ ಇದ್ದಿದ್ದರೆ ಹೇಳಿಬಿಡುತ್ತಿದ್ದಳು. ಕಾವೇರಮ್ಮಾ, ನನ್ನ ಬಾಯಿ ನೀನೇ ಬಿಡಿಸು ಎಂದು ಬೇಡಿಕೊಂಡೆ.

ಹೊರಗೆ ಬಂದ ಡಾಕ್ಟರು ನೇರ ವಾರ್ಡಿಗೆ ಹೋಗಬಹುದಿತ್ತು. ನನ್ನ ಮುಂದೆ ನಿಂತರು.

"ರೈಟರೇ, ರಕ್ತದಲ್ಲಿ ಮದ್ದು ಹದವಾಗೇ ಇದೆ, ಏರಿಲ್ಲ. ಮತ್ತೆ ಆ ಕೆಂಪು ಎಲ್ಲಿಂದ ಬಂತು? ನಿಮಗೇನಾದ್ರೂ ಗೊತ್ತಾ?"

"ನಾನೇ ಕೊಟ್ಟದ್ದು ಸ್ವಾಮಿ" ಎಂದೆ. ಎಲ್ಲವನ್ನೂ ಹೇಳಿದೆ.

ಅವರು ಬೈಯಲಿಲ್ಲ. "ಬೆಳಿಗ್ಗೆನೇ ಹೇಳಬಾರದಿತ್ತೇನ್ರೀ? ಎರಡು ಹೊತ್ತಿನ ಮಾತ್ರೆ ತಪ್ಪಿಹೋಯ್ತಲ್ಲ" ಎಂದು ನರ್ಸಮ್ಮನನ್ನು ಕರೆಯುತ್ತಾ ಓಡಿದರು. ಆ ಮಾತು ಇಂದಿಗೂ ಚುಚ್ಚುತ್ತದೆ.

ಆಗಲೇ ಮಾತ್ರೆ ಮತ್ತೆ ಶುರುವಾಯಿತು. ಮೂರು ದಿನ ಕಳೆದ ಮೇಲೆ ಗೌರಿ ಎದ್ದು ಕೂತು, "ಅಪ್ಪ, ಹಸಿವಾಗ್ತಾ ಉಂಟು" ಎಂದಳು. ನಾನು ಮುಖ ಮುಚ್ಚಿಕೊಂಡು ಅತ್ತೆ.

ಭಕ್ತ ಬಂಧುಗಳೇ, ಡಾಕ್ಟರು ಕೇಳದಿದ್ದರೆ ನಾನಾಗಿ ಹೇಳುತ್ತಿದ್ದೆನೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಹೇಳುತ್ತಿರಲಿಲ್ಲ. ಅದಕ್ಕೇ ಅಂದು ನನ್ನ ಮುಂದೆ ನಿಂತು ಕೇಳಿದವಳು ಕಾವೇರಮ್ಮನೇ ಎಂದು ನಂಬಿದ್ದೇನೆ.