ಫೋನಿಗಿಂತ ಮುಂಚೆ ಬರುವ ನೀರು

ಎಂಬತ್ತರ ದಶಕದಲ್ಲಿ ಅಂಧೇರಿಯ ನಮ್ಮ ಪತ್ರಿಕಾ ಕಚೇರಿಗೆ ಬರುವ ಪ್ರತಿ ಕರೆಯೂ ಮೊದಲು ಟೆಲಿಫೋನ್ ಆಪರೇಟರಮ್ಮನ ಸ್ವಿಚ್‌ಬೋರ್ಡಿಗೆ ಬರುತ್ತಿತ್ತು. ಯಾರು, ಏನು ವಿಷಯ ಎಂದು ಕೇಳಿ, ಯಾವ ಮೇಜಿಗೆಂದು ತೀರ್ಮಾನಿಸಿದ ಮೇಲೆಯೇ ಅವರು ಲೈನ್ ಕೊಡುತ್ತಿದ್ದರು. ಮನೆಯವರ ಸಾವಿನ ಸುದ್ದಿಯಾದರೆ ಕರೆಯನ್ನು ತಡೆದಿಟ್ಟು, ಮೊದಲು ಪ್ಯೂನ್ ಕೈಯಲ್ಲಿ ಒಂದು ಲೋಟ ನೀರು ಕಳಿಸುತ್ತಿದ್ದರು.

ಅಪ್ಪ ಮಾಟುಂಗದ ಆಸ್ಪತ್ರೆಯಲ್ಲಿದ್ದಾಗ ಒಂದು ಮಧ್ಯಾಹ್ನ ಆ ನೀರು ನನ್ನ ಮೇಜಿಗೆ ಬಂತು. ಸುತ್ತಲಿನ ಟೈಪ್‌ರೈಟರ್‌ಗಳು ನಿಂತವು. ಪಕ್ಕದ ಮೇಜಿನ ಗೆಳೆಯ ಎದ್ದು ಬಂದು ನನ್ನ ಭುಜದ ಮೇಲೆ ಕೈಯಿಟ್ಟ. ನಾನು ಫೋನನ್ನೇ ನೋಡುತ್ತಾ ಕೂತೆ.

ಪ್ಯೂನ್ ಅವಸರದಿಂದ ವಾಪಸ್ ಬಂದ. “ಸಾಹೇಬ್ರ, ತಪ್ಪಾತ್ರಿ. ಇದು ಬಾಜೂ ಟೇಬಲ್ಲಿಂದು,” ಎಂದು ಲೋಟವನ್ನೆತ್ತಿ ಗೆಳೆಯನ ಮೇಜಿನ ಮೇಲಿಟ್ಟ.

ಗೆಳೆಯನ ಕೈ ಇನ್ನೂ ನನ್ನ ಭುಜದ ಮೇಲೆಯೇ ಇತ್ತು. ಅವನ ಫೋನ್ ರಿಂಗಾಗತೊಡಗಿತು.