ಕಂಬದ ರಾಯರು

ಶೇಷಗಿರಿರಾಯರು ದೂರವನ್ನು ಮೈಲಿಯಲ್ಲಾಗಲಿ ಹರದಾರಿಯಲ್ಲಾಗಲಿ ಹೇಳಿದ್ದನ್ನು ನಾನು ಕೇಳಿಲ್ಲ. ಅವರ ಲೆಕ್ಕವೆಲ್ಲ ಕರೆಂಟಿನ ಕಂಬದಲ್ಲಿ. ಇನ್ನೂರು ಅಡಿಗೆ ಒಂದು ಕಂಬ. "ಬಂದಗಿಸಾಬನ ಬಾವಿ ನಿಮ್ಮ ಸಾಲಿಯಿಂದ ಹನ್ನೊಂದು ಕಂಬ ಅದ ನೋಡ್ರಿ, ಅಕ್ಕಾವರ," ಎನ್ನುತ್ತಿದ್ದರು. ಒಮ್ಮೆ ಊರಿನ ಮುದುಕಿ ನೀಲವ್ವ ಆಯಿ ಪಂಢರಪುರ ಎಷ್ಟು ದೂರ ಎಂದು ಕೇಳಿದಳು. ರಾಯರು ಕಣ್ಣು ಮುಚ್ಚಿ, ತುಟಿಯೊಳಗೇ ಮರಾಠಿಯಲ್ಲಿ ಎಣಿಸಿ, "ಎರಡು ಸಾವಿರದ ಹತ್ರ ಆಗ್ತಾವ ಆಯೀ," ಎಂದರು.

"ಅಷ್ಟ ಕಂಬ ನಡಿಯಾಕ ನನ್ನ ಕೈಲೆ ಆಗೂದಿಲ್ಲಪಾ," ಎಂದಳು ಆಯಿ. "ನಾ ಹರದಾರಿಲೇ ಹೋಗ್ತೇನಿ."

ರಾಯರು ಬಾಯಿ ತೆರೆದು ನಕ್ಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಸಾಮಾನ್ಯವಾಗಿ ಅವರು ನಗುತ್ತಿದ್ದುದು ಮೂಗಿನಲ್ಲಿ, ಅದೂ ಯಾರಿಗೂ ಕೇಳಿಸದ ಹಾಗೆ.

ಊರು ಇಂಡಿ ತಾಲೂಕಿನದು, ತಾಂಬಾದಿಂದ ಆಚೆ, ಸಿಂದಗಿಯ ಗಡಿಗೆ ಹತ್ತಿಕೊಂಡಂತೆ ಇತ್ತು. ನಾನು ಅಲ್ಲಿ ಕನ್ನಡ ಶಾಲೆಯ ಶಿಕ್ಷಕಿ, ಊರಿಗೆಲ್ಲ ಅಕ್ಕಾವರು. ಹುಟ್ಟಿದ್ದು ಮುದ್ದೇಬಿಹಾಳದಲ್ಲಿ. ಹದಿನೇಳಕ್ಕೇ ಗಂಡನನ್ನು ಕಳೆದುಕೊಂಡು, ಟ್ರೇನಿಂಗ್ ಮುಗಿಸಿ, ಹಾಕಿದ ಊರಿಗೆ ಬಂದವಳು. ಶಾಲೆಯ ಹಿಂದಿನ ಕೋಣೆಯಲ್ಲಿ ನಾನಿದ್ದೆ. ಅರವತ್ತರ ಆಸುಪಾಸಿನ ಒಂದು ಚಳಿಗಾಲದಲ್ಲಿ, ಶಾಲೆಯ ಎದುರಿನ ಚಾವಡಿಗೆ ರಾಯರು ಬಂದಿಳಿದರು. ಒಂದು ಟ್ರಂಕು, ಒಂದು ಸ್ಟೋವು, ಅಳತೆಯ ಕಬ್ಬಿಣದ ಸರಪಳಿ, ಸುತ್ತಿಟ್ಟ ಕೆಂಪು ನಿಶಾನೆಗಳು, ಜೊತೆಗೆ ಇಬ್ಬರು ಆಳು. ಸರ್ಕಾರದ ವಿದ್ಯುತ್ ಮಂಡಳಿಯಲ್ಲಿ ಓವರ್‌ಸಿಯರ್. ನಮ್ಮ ಕಡೆಯ ಹಳ್ಳಿಗಳಿಗೆ ಲೈನು ಎಲ್ಲಿಂದ ಹೇಗೆ ಬರಬೇಕೆಂದು ಅಳೆದು, ನಕಾಶೆ ಬರೆದು ಮೇಲೆ ಕಳಿಸುವುದು ಅವರ ಕೆಲಸ.

ಐವತ್ತು ದಾಟಿದ, ಬಿದಿರ ಗಳದಂಥ ಮನುಷ್ಯ. ಖಾಕಿ ಪ್ಯಾಂಟು, ಹಣೆಯ ಮೇಲೆ ಅಂಗಾರದ ಗೆರೆ, ಬಗಲಲ್ಲಿ ಕೊಡೆ. ಹೆಂಡತಿ ಚೊಚ್ಚಲ ಬಾಣಂತನದಲ್ಲೇ ಹೋಗಿದ್ದರು, ಕೂಸೂ ಉಳಿದಿರಲಿಲ್ಲ. ಇದನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಒಂದೇ ವಾಕ್ಯದಲ್ಲಿ, ಸ್ಟೋವಿಗೆ ಗಾಳಿ ಹಾಕುತ್ತ. ತಮ್ಮ ಅಡಿಗೆ ತಾವೇ ಮಾಡಿಕೊಳ್ಳುತ್ತಿದ್ದರು. ಊಟಕ್ಕೆ ಕೂತಾಗ ಎದುರಿಗೆ ನಕಾಶೆ ಹರವಿಕೊಳ್ಳುತ್ತಿದ್ದರು, ಬೇರೆ ಮನೆಗಳಲ್ಲಿ ಎದುರಿಗೆ ಮನುಷ್ಯರು ಕೂತಿರುತ್ತಾರಲ್ಲ, ಹಾಗೆ.

ಸಂಜೆ ಊರಿನವರು ಚಾವಡಿಯ ಕಟ್ಟೆಗೆ ಬಂದು ಕೂಡುತ್ತಿದ್ದರು. ಕರೆಂಟು ಎಲ್ಲಿ ಹುಟ್ಟುತ್ತದೆ ಎಂಬುದು ಎಲ್ಲರ ಪ್ರಶ್ನೆ. ಇಂಡಿಯಲ್ಲಿ ಡೀಸೆಲ್ ಇಂಜಿನ್ನು ಸದ್ದು ಮಾಡುವುದನ್ನು ಕೆಲವರು ಕೇಳಿದ್ದರು. ರಾಯರು ಹೇಳುತ್ತಿದ್ದರು: "ಆ ಇಂಜಿನ್ ಊರಿಗೇ ಸಾಲೂದಿಲ್ಲ, ನಿಮಗೆಲ್ಲಿಂದ ಕೊಡ್ತದ? ಘಟ್ಟದಾಗ ದೊಡ್ಡ ಪವರ್‌ಹೌಸ್ ಕಟ್ಲಿಕ್ಕೆ ಹತ್ಯಾರ. ನೀರು ಅಲ್ಲೆ ಬೀಳ್ತದ, ದೀಪ ಇಲ್ಲೆ ಹತ್ತತದ."

ದೇವರ ಮುಂದಿನ ಎಣ್ಣೆದೀಪ ತೆಗೆಯಬೇಕೇನು ಎಂದು ನೀಲವ್ವ ಆಯಿಗೆ ಚಿಂತೆ. "ಅದು ಹಂಗೇ ಇರ್ಲಿ ಆಯೀ," ಎಂದರು ರಾಯರು. "ಇದು ನೀವು ರೊಟ್ಟಿ ಬಡಿಯೂಮುಂದ ಹೊಗಿಯೊಳಗ ಕಣ್ಣು ಕಾಣ್ಲಿ ಅಂತ."

ಬಂದಗಿಸಾಬ ಮಾತ್ರ ದೀಪದ ಮಾತು ಕೇಳುತ್ತಿರಲಿಲ್ಲ. ಅವನ ಮನೆತನ ನಾಲ್ಕು ತಲೆಮಾರಿನಿಂದ ಅದೇ ಹೊಲ ಉಳುತ್ತ ಬಂದದ್ದು. ಬಾವಿಯಲ್ಲಿ ನೀರಿತ್ತು, ಆದರೆ ಆಳದಲ್ಲಿ. ಜೋಡೆತ್ತು ಹೂಡಿ ತೊಗಲಿನ ಚೀಲದಲ್ಲಿ ದಿನವೆಲ್ಲ ಎಳೆದರೂ ಅರ್ಧ ತೋಟ ಒಣಗಿರುತ್ತಿತ್ತು. ಹೊಸದಾಗಿ ಲಿಂಬೆ ಸಸಿ ಹಚ್ಚಿದ್ದ. "ಮೋಟಾರ್ ತರಲೇನ್ರಿ ರಾಯರ? ಖರೇ ಹೇಳ್ರಿ," ಎಂದು ದಿನಾ ಕೇಳುತ್ತಿದ್ದ. ಪಂಪಿಗೆ ಅರ್ಜಿ ಹಾಕುವವರು ಹೆಚ್ಚಾದಷ್ಟೂ ಮೇಲಿನವರು ಲೈನಿಗೆ ಬೇಗ ಒಪ್ಪುತ್ತಾರೆಂದು ರಾಯರಿಗೆ ಗೊತ್ತಿತ್ತು. ಒಂದು ದಿನ, ನಾನೂ ಅಲ್ಲೇ ಇದ್ದೆ, ಅವರೆಂದರು: "ತಾರಪಾ. ಬರೂ ಯುಗಾದಿಗೆ ನಿನ್ನ ಬಾವಿ ಮ್ಯಾಲ ಕರೆಂಟ್ ಇರ್ತದ. ನಾ ಹೇಳ್ತೇನಿ."

ಬಂದಗಿಸಾಬ ಎತ್ತುಗಳನ್ನು ದೇವರ ಹಿಪ್ಪರಗಿಯ ಸಂತೆಯಲ್ಲಿ ಮಾರಿ ಮೋಟಾರು ತಂದ. ಊರೆಲ್ಲ ಹೋಗಿ ಮುಟ್ಟಿ ನೋಡಿ ಬಂತು. ರಾಯರು ಅಳತೆ ಮುಗಿಸಿ, ಟ್ರಂಕು ಹೇರಿಕೊಂಡು ಇಂಡಿಗೆ ಹೋದರು.

ಯುಗಾದಿ ಬಂತು, ಕಂಬ ಬರಲಿಲ್ಲ. ಆಮೇಲೊಂದು ಮಧ್ಯಾಹ್ನ, ನೆತ್ತಿ ಸುಡುವ ಹೊತ್ತಿನಲ್ಲಿ, ರಾಯರು ಒಬ್ಬರೇ ನಡೆದು ಬಂದರು. ಆಳುಗಳಿಲ್ಲ, ಸರಪಳಿಯಿಲ್ಲ. ಶಾಲೆಯ ಬಾಗಿಲಲ್ಲಿ ನಿಂತು, "ಹತ್ತು ಮಂದಿನ್ನ ಕರಸ್ರಿ, ಅಕ್ಕಾವರ," ಎಂದರು. ಮಕ್ಕಳನ್ನು ಮನೆಗೆ ಕಳಿಸಿದೆ. ಜನ ಬಂದು ಮಕ್ಕಳ ಜಾಗದಲ್ಲಿ ಕೂತರು.

ರಾಯರು ಕುಳಿತುಕೊಳ್ಳಲಿಲ್ಲ. "ನಿಮ್ಮೂರ ಲೈನು ಯೋಜನಾದಿಂದ ತಗದಾರ," ಎಂದರು. "ಇದ್ದಬದ್ದ ರೊಕ್ಕ ಎಲ್ಲಾ ಘಟ್ಟದ ಪವರ್‌ಹೌಸಿನ ಮಶೀನಿಗೆ ಬೇಕಂತ. ಅಲ್ಲಿ ಹುಟ್ಟಿದ ಕರೆಂಟು ಮೊದಲ ಕಾರ್ಖಾನಿಗೆ, ದೊಡ್ಡ ಊರಿಗೆ. ಕಂಬ ಹೆಚ್ಚು ಬೇಕಾಗೂ ಸಣ್ಣ ಹಳ್ಳಿಗೋಳು ಮುಂದಿನ ಯೋಜನಾಕ್ಕ. ಕಾಗದ ಬರದು ಕಳಸಬಹುದಿತ್ತು. ಮಾತು ಕೊಟ್ಟಾವ ನಾನು, ಅದಕ್ಕ ಬಂದೆ. ಬೈಯ್ಯೂದಿದ್ರ ನನಗ ಬೈರಿ."

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಲ್ಲರೂ ಬಂದಗಿಸಾಬನ ಮುಖ ನೋಡಿದರು. ಅವನು ಎದ್ದ, ರುಮಾಲು ಕೊಡವಿ ಹೆಗಲಿಗೆ ಹಾಕಿಕೊಂಡ, ರಾಯರ ಪಕ್ಕದಿಂದಲೇ ಹಾದು ಹೊರಗೆ ಹೋದ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಹೋದರು. ನಮ್ಮ ಕಡೆ ವೈರಿ ಬಂದರೂ ಮೊದಲು ನೀರು ಕೊಡುತ್ತಾರೆ. ಆ ದಿನ ರಾಯರಿಗೆ ಯಾರೂ ನೀರು ಬೇಕೇನು ಎನ್ನಲಿಲ್ಲ. ನಾನು ತಂಬಿಗೆ ತಂದುಕೊಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದು, ಹೊಸ್ತಿಲ ಮೇಲಿಟ್ಟು ಹೊರಟರು.

ಆ ಬೇಸಿಗೆ ಬಂದಗಿಸಾಬ, ಅವನ ಹೆಂಡತಿ, ಮಕ್ಕಳು ಕೊಡ ಹೊತ್ತು ಲಿಂಬೆ ಸಸಿಗಳಿಗೆ ನೀರುಣಿಸಿದರು. ಅರ್ಧಕ್ಕರ್ಧ ಒಣಗಿದವು. ಮೋಟಾರನ್ನು ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಏರಿಸಿದ. ಮುಂದಿನ ವರ್ಷ ಅಣ್ಣತಮ್ಮಂದಿರ ಎತ್ತುಗಳನ್ನು ಸರದಿಯ ಮೇಲೆ ತಂದುಕೊಂಡು ಹೇಗೋ ನಡೆಸಿದ.

ರಾಯರು ಇನ್ನು ಬರುವುದಿಲ್ಲ ಎಂದುಕೊಂಡಿದ್ದೆ. ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಸಿಂದಗಿ ಕಡೆಯ ದಾರಿಯಿಂದ ಬಂದರು. ಕೈಯಲ್ಲಿ ಬಟ್ಟೆಯ ಟೇಪು. "ಹಿಂದ ಇಂಡಿ ಕಡಿಯಿಂದ ಅಳದಿದ್ದೆ, ಅಕ್ಕಾವರ. ಸಿಂದಗಿ ಕಡಿ ಲೈನಿನಿಂದ ಒಂದು ಟೊಂಗಿ ಎಳದ್ರ ಅರ್ಧದಷ್ಟ ಕಂಬದಾಗ ಮುಗೀತದ ಅನಸ್ತದ. ಸಾಹೇಬರು ನಕಾಶಿ ನೋಡಿ ಅಲ್ಲೆ ಹಳ್ಳ ಅದ, ಆಗೂದಿಲ್ಲಾಂತಾರ. ಕಾಗದ ಸುಳ್ಳು ಹೇಳ್ತದ, ಕಾಲು ಹೇಳೂದಿಲ್ಲ. ಇವತ್ತ ರಜಾ ಅದ, ಅದಕ್ಕ ಬಂದೇನಿ."

"ಆಳುಗಳೆಲ್ಲಿ?" ಎಂದೆ.

"ಸರ್ಕಾರದ ಕೆಲಸಕ್ಕ ಸರ್ಕಾರದ ಆಳು. ಇದು ನನ್ನ ಕೆಲಸ."

ಟೇಪಿನ ಇನ್ನೊಂದು ತುದಿ ಹಿಡಿಯುವವರು ಬೇಕಲ್ಲ. ನಾನು ಹಿಡಿದೆ. ಮುಂದಿನ ಭಾನುವಾರವೂ ಹಿಡಿದೆ. ಊರಿನಲ್ಲಿ ಎರಡು ಮಾತು ಹುಟ್ಟಿದವು. ಮೂರನೆಯ ಭಾನುವಾರ ನಾವು ಹೊರಡುವಾಗ ನೀಲವ್ವ ಆಯಿ ಬುತ್ತಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಡೀರಿ, ನಾನೂ ಬರ್ತೇನಿ. ಮಂದಿ ಬಾಯಿಗೆ ಕೀಲಿ ಹಾಕಾಕ ನಾ ಒಬ್ಬಾಕಿ ಸಾಕು," ಎಂದಳು. ಅಲ್ಲಿಂದ ಮುಂದೆ ರಾಯರು ಮುಂದೆ, ನಾನು ಹಿಂದೆ, ನಡುವೆ ಆಯಿ. ಕರಿ ಎರೆಯ ಹೊಲದಲ್ಲಿ ಜೋಳದ ಎಲೆ ಕೈ ಕೊಯ್ಯುತ್ತಿದ್ದವು. ರಾಯರ ಏಕ, ದೋನ, ತೀನ ಎಂಬ ಎಣಿಕೆ ಮಾತ್ರ ಕೇಳಿಸುತ್ತಿತ್ತು. ಬಂದಗಿಸಾಬನ ಹೊಲದ ಬದುವಿಗೆ ಬಂದಾಗ ಎಣಿಕೆಯೂ ನಿಲ್ಲುತ್ತಿತ್ತು. ಅವನು ಕೆಲಸದಿಂದ ತಲೆ ಎತ್ತುತ್ತಿರಲಿಲ್ಲ. ಇವರೂ ಕರೆಯುತ್ತಿರಲಿಲ್ಲ.

ಆ ನಕಾಶೆ ಮೇಲೆ ಹೋಯಿತು, ತಿರುಗಿ ಬಂತು, ಮತ್ತೆ ಹೋಯಿತು. ಹಳ್ಳದ ಎರಡು ದಂಡೆಯಲ್ಲಿ ಎಷ್ಟೆತ್ತರದ ಕಂಬ ಬೇಕೆಂದು ತೋರಿಸಲು ರಾಯರು ಇನ್ನೂ ಎರಡು ಸಲ ಬಂದರು. ವಿಜಾಪುರದ ಕಚೇರಿಯಲ್ಲಿ ಅವರನ್ನು ಕಂಡರೆ ಕಾರಕೂನರು ಎದ್ದು ಚಹಾಕ್ಕೆ ಹೋಗುತ್ತಿದ್ದರಂತೆ. ಇದನ್ನು ಅವರೇ ಮೂಗಿನಲ್ಲಿ ನಗುತ್ತ ಹೇಳಿದರು. ಹೀಗೆ ನಾಲ್ಕು ವರ್ಷ. ಅಷ್ಟರಲ್ಲಿ ಅವರಿಗೆ ನಿವೃತ್ತಿಯಾಯಿತು. ಬಾಗೇವಾಡಿಯಲ್ಲಿ ಒಂದು ಖೋಲಿ ಹಿಡಿದಿರುವುದಾಗಿ ಕಾರ್ಡು ಬರೆದರು. ಅಲ್ಲೇ ಯಾಕೆ ಎಂದು ಬರೆದಿರಲಿಲ್ಲ.

ಲೈನು ಬಂದದ್ದು ಅದಾದ ಮರುವರ್ಷ, ಸಿಂದಗಿ ಕಡೆಯಿಂದಲೇ. ಸಾಹೇಬರು ಬಂದು ಹಾರ ಹಾಕಿಸಿಕೊಂಡು ಗುಂಡಿ ಒತ್ತಿ ಹೋದರು. ಭಾಷಣದಲ್ಲಿ ಪಂಚವಾರ್ಷಿಕ ಯೋಜನೆಯ ಹೆಸರು ಬಂತು, ಘಟ್ಟದ ವಿದ್ಯುದಾಗಾರದ ಹೆಸರು ಬಂತು. ರಾಯರ ಹೆಸರು ಅವರಿಗೆ ಗೊತ್ತಿದ್ದರೆ ತಾನೆ. ನಾನು ಬಾಗೇವಾಡಿಗೆ ಕಾರ್ಡು ಹಾಕಿದೆ. ಎಂಟು ದಿನದ ಮೇಲೆ ಬೆಳಗಿನ ಬಸ್ಸಿಗೆ ಇಳಿದರು. ಇನ್ನೂ ಸೊರಗಿದ್ದರು, ಅಂಗಿಯ ಕಾಲರು ಕೊರಳಿಗೆ ದೊಡ್ಡದಾಗಿತ್ತು.

ಕಂಬಗಳನ್ನು ನೋಡುತ್ತ ನೋಡುತ್ತ ಅವರ ಕಾಲು ಬಂದಗಿಸಾಬನ ಬಾವಿಗೇ ಹೋಯಿತು. ಮೋಟಾರು ರಿಪೇರಿಯಾಗಿ ಹಿಂದಿನ ದಿನವಷ್ಟೇ ಕೂತಿತ್ತು. ಬಂದಗಿಸಾಬ ನಮ್ಮನ್ನು ಕಂಡು, ಕಳೆ ಕೀಳುತ್ತಿದ್ದ ಕುರುಪಿ ಕೆಳಗಿಟ್ಟು ಎದ್ದು ನಿಂತ. ಐದು ವರ್ಷದ ಮೇಲೆ ಮೊದಲ ಮಾತು ಅವನೇ ಆಡಿದ:

"ಬಟನ್ ನೀವ ಒತ್ರಿ ರಾಯರ."

"ಬಾವಿ ನಿಂದಪಾ. ನೀ ಒತ್ತು."

ಅವನು ಒತ್ತಿದ. ಪೈಪು ಕೆಮ್ಮಿತು, ಕೆಂಪು ನೀರು ಉಗುಳಿತು, ಆಮೇಲೆ ತಿಳಿನೀರು ತೋಳು ಗಾತ್ರ ಬಿತ್ತು. ಬಂದಗಿಸಾಬ ನೀರನ್ನೇ ನೋಡುತ್ತ ಹೇಳಿದ: "ಬೈಲಿಲ್ಲ ಅಂತ ತಿಳಕೋಬ್ಯಾಡ್ರಿ. ಮನಸಿನ್ಯಾಗ ಭಾಳ ಬೈದೇನಿ."

"ಜೋರಾಗೇ ಬೈಬೇಕಾಗಿತ್ತಪಾ," ಎಂದರು ರಾಯರು. "ನನ್ನ ಜೋಡಿ ಜೋರಾಗಿ ಮಾತಾಡವರು ಯಾರೂ ಇಲ್ಲ."

ಬಂದಗಿಸಾಬ ಅವರ ಕೈಚೀಲ ತುಂಬ ಲಿಂಬೆಹಣ್ಣು ಹಾಕಿದ. ಊಟಕ್ಕೆ ನಿಲ್ಲಿರೆಂದರೆ ನಿಲ್ಲಲಿಲ್ಲ. ರಸ್ತೆಯ ತನಕ ನಾನು ಹೋದೆ. ಅಲ್ಲಿ, ಬೇವಿನ ಗಿಡದ ಕೆಳಗೆ, ಅವರು ನನ್ನನ್ನು ಕೇಳಿದರು: "ಬಸ್ ಬರೂತನಕ ನಿಂದರ್ತೀರೇನ್ರಿ, ಅಕ್ಕಾವರ?" ಅಷ್ಟು ವರ್ಷಗಳಲ್ಲಿ ಅವರು ತಮಗಾಗಿ ಏನಾದರೂ ಕೇಳಿದ್ದು ಅದೊಂದೇ. ಶಾಲೆಯ ಗಂಟೆ ಹೊಡೆಯುವ ಹೊತ್ತಾಗಿತ್ತು. ನಾನು ನಿಂತೆ. ಬಸ್ಸು ತಡವಾಗಿ ಬಂತು. ಇನ್ನೂ ತಡವಾಗಿದ್ದರೂ ನಡೆಯುತ್ತಿತ್ತು.

ಆಮೇಲೆ ನಾನು ಬರೆದ ಎರಡು ಕಾರ್ಡಿಗೆ ಉತ್ತರ ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಶಿಕ್ಷಕರ ಶಿಬಿರಕ್ಕೆಂದು ಬಾಗೇವಾಡಿಗೆ ಹೋದಾಗ ವಿಳಾಸ ಹುಡುಕಿದೆ. ಖೋಲಿಗೆ ಬೀಗವಿತ್ತು. ಪಕ್ಕದ ಬಾಗಿಲಿನಿಂದ ಮನೆಯೊಡತಿ ಬಂದಳು.

"ರಾಯರೇನ್ರಿ? ಅವರು ಹೋಗಿ ಆರು ತಿಂಗಳಾತು. ಜ್ವರ ಬಂದಿತ್ತು, ಮೂರ ದಿನ. ಯಾರಿಗೆ ತಿಳಸಬೇಕಂತ ಗೊತ್ತಾಗಲಿಲ್ಲರಿ. ಮಠದವರ ಎಲ್ಲಾ ಮಾಡಿದ್ರು." ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು: "ನೀವು ಅವರಿಗೆ ಏನಾಗಬೇಕ್ರಿ?"

ಮಗಳಲ್ಲ, ತಂಗಿಯಲ್ಲ, ಅವರ ಜಾತಿಯವಳೂ ಅಲ್ಲ. ಏನೂ ಆಗಬೇಕಾಗಿಲ್ಲ ಎನ್ನಲು ಬಾಯಿ ಬರಲಿಲ್ಲ.

"ಅವರ ಊರಾಕಿ," ಎಂದೆ.

ನಾವು ಟೇಪು ಹಿಡಿದು ಅಳೆದ ಆ ಊರು ಅವರದೂ ಆಗಿರಲಿಲ್ಲ, ನನ್ನದೂ ಆಗಿರಲಿಲ್ಲ. ಆದರೆ ಆಕೆ ತಟ್ಟನೆ ಸೆರಗು ಸರಿಮಾಡಿಕೊಂಡು, ಸತ್ತವರ ಮನೆಯವರನ್ನು ಕರೆಯುವ ದನಿಯಲ್ಲಿ, "ಒಳಗ ಬರ್ರಿ, ಕುಂದರ್ರಿ," ಎಂದಳು. ನಾನು ಒಳಗೆ ಹೋಗಿ ಕುಳಿತೆ.