ಸತ್ತವನು ಹಾಲಿಯೋ ಮಾಜಿಯೋ

ದೊಡ್ಡಸಿದ್ದಯ್ಯ ಸತ್ತು ಐದು ದಿನವಾಗಿತ್ತು. ಪೇಪರಿನಲ್ಲಿ ಒಂದು ಸಾಲೂ ಬಂದಿರಲಿಲ್ಲ.

ಅವನ ಹೆಂಡತಿ ಚಲುವಮ್ಮ ಓದಿದ್ದು ನಾಲ್ಕನೇ ಕ್ಲಾಸು. ಆದರೂ ತಾಂಡವಪುರದ ಟೀ ಅಂಗಡಿಯಿಂದ ದಿನಾ ಪೇಪರ್ ತರಿಸಿ, ಬೆರಳಿಟ್ಟು ಅಕ್ಷರ ಕೂಡಿಸಿ ಹುಡುಕಿದಳು. ಯಾರದೋ ಹುಟ್ಟುಹಬ್ಬ ಇತ್ತು. ಯಾರದೋ ಹಸು ಕಳೆದುಹೋದದ್ದೂ ಇತ್ತು. ಅವಳ ಗಂಡ ಇರಲಿಲ್ಲ.

ಹದಿನೆಂಟು ವರ್ಷ ಆ ಪೇಪರಿನ ತಾಲ್ಲೂಕು ಪುಟ ತುಂಬಿಸಿದವನು ಅವನು. ಬೆಳಗಿನ ಪಾಳಿ ತಾಂಡ್ಯದ ಫ್ಯಾಕ್ಟರಿಯಲ್ಲಿ. ಪಾಳಿ ಬಿಟ್ಟವನು ಮನೆಗೆ ಬರುತ್ತಿರಲಿಲ್ಲ, ನೆಟ್ಟಗೆ ನಂಜನಗೂಡಿನ ಪಾರ್ಟಿ ಆಫೀಸಿಗೆ ಹೋಗುತ್ತಿದ್ದ. ಅಲ್ಲಿ ಕೂತು ಪ್ರೆಸ್‌ನೋಟ್ ಬರೆದು ವರದಿಗಾರರಿಗೆ ಮುಟ್ಟಿಸುವುದು ಅವನ ಕೆಲಸ. ಮೊದಮೊದಲು ಸೈಕಲ್ಲಿನಲ್ಲಿ, ಆಮೇಲೆ ಫೋನಿನಲ್ಲಿ. ಮುಖಂಡರು ವೇದಿಕೆ ಮೇಲೆ ತೊದಲಿದ್ದನ್ನು ಅವನು "ಕರೆ ನೀಡಿದರು" ಅಂತ ಬರೆಯುತ್ತಿದ್ದ. ಕಾಲರ್ ಹಿಡಿದು ಬೈದಾಡಿದ್ದನ್ನು "ವಿಚಾರ ವಿನಿಮಯ ನಡೆಸಿದರು" ಅಂತ ಬರೆಯುತ್ತಿದ್ದ. ಒಂದು ಸಲ, ಬಾರದೇ ಇದ್ದ ಮುಖಂಡನನ್ನೂ "ಚಾಲನೆ ನೀಡಿ ಮಾತನಾಡಿದರು" ಅಂತ ಬರೆದಿದ್ದ.

"ಮನೇಲಿ ಮಲಗಿದ್ದೋನು ಎಂಗ್ ಮಾತಾಡ್ದ?" ಅಂತ ಚಲುವಮ್ಮ ಕೇಳಿದ್ದಳು.

"ಬಂದಿದ್ರೂ ಅದ್ನೇ ಮಾತಾಡ್ತಿದ್ದ, ಬುಡು."

ಸತ್ತವರ ಸಂತಾಪ ಬರೆಯುವುದೂ ಅವನೇ. ಯಾರು ಹೋದರೂ ಸಂಜೆಯೊಳಗೆ "ಪಕ್ಷಕ್ಕೆ ತುಂಬಲಾರದ ನಷ್ಟ" ಅಂತ ಹೋಗಿರುತ್ತಿತ್ತು. ತಮ್ಮ ಅಪ್ಪ ಅಷ್ಟು ಒಳ್ಳೆಯವನು ಅಂತ ಕೆಲವರಿಗೆ ಗೊತ್ತಾಗಿದ್ದೇ ಇವನು ಬರೆದ ಮೇಲೆ.

ಚುನಾವಣೆ ಹತ್ತಿರ ಬಂತು. ನಂಜನಗೂಡಿಗೂ ತಿ. ನರಸೀಪುರಕ್ಕೂ ಸೇರಿ ಒಂದೇ ಮಾಧ್ಯಮ ಆಫೀಸು ಅಂದರು. ಸಿದ್ದಯ್ಯನನ್ನು ಸಂಚಾಲಕ ಅಂತ ಮಾಡಿ ಪತ್ರ ಕೊಟ್ಟರು. ಅಷ್ಟು ವರ್ಷಕ್ಕೆ ಪಾರ್ಟಿ ಅವನಿಗೆ ಕೊಟ್ಟ ಒಂದೇ ಪತ್ರ ಅದು. ಕೊಡಿಸಿದವನು ನಂಜನಗೂಡಿನ ಅಧ್ಯಕ್ಷ ಬಸವಣ್ಣ. ನರಸೀಪುರದ ಅಧ್ಯಕ್ಷ ನಾಗೇಂದ್ರನಿಗೆ ಹೊಟ್ಟೆ ಉರಿಯಿತು. ಅವನ ಬಾಮೈದ ರೀಲ್ಸ್ ಮಾಡಿಕೊಂಡಿದ್ದ, ಆ ಕುರ್ಚಿ ಅವನಿಗೆ ಬೇಕಿತ್ತು. ಹಾಗಂತ ಬಸವಣ್ಣನಿಗೆ ಸಿದ್ದಯ್ಯನ ಮೇಲೆ ಪ್ರೀತಿ ಏನೂ ಇರಲಿಲ್ಲ. ಕುರ್ಚಿ ತನ್ನ ತಾಲ್ಲೂಕಿನವನ ಕೆಳಗೆ ಇರಬೇಕು, ಅಷ್ಟೆ.

ಒಂದು ತಿಂಗಳು ಎಳೆದಾಡಿದರು. ಒಬ್ಬ ಕಳಿಸು ಅಂದ ಸುದ್ದಿಯನ್ನು ಇನ್ನೊಬ್ಬ ತಡಿ ಅನ್ನುತ್ತಿದ್ದ. ಇಬ್ಬರ ಬೈಗುಳವೂ ಸಿದ್ದಯ್ಯನಿಗೇ. ಒಂದು ಸೋಮವಾರ ಹೋಗಿ ನೋಡಿದರೆ ಬಾಮೈದ ಅವನ ಕುರ್ಚಿಯಲ್ಲಿ ಕೂತಿದ್ದ. "ನೀವು ರೆಸ್ಟ್ ತಗೊಳ್ಳಿ ಅಂಕಲ್," ಅಂದನಂತೆ. ಪತ್ರವಿಲ್ಲ, ಗಿತ್ರವಿಲ್ಲ. ಬಸವಣ್ಣ ಫೋನ್ ಎತ್ತಲಿಲ್ಲ. ಬುಧವಾರ ಬೆಳಿಗ್ಗೆ ಸಿದ್ದಯ್ಯ ಸ್ನಾನಕ್ಕೆ ನೀರು ತೋಡಿಕೊಳ್ಳುತ್ತಿದ್ದವನು ಅಲ್ಲೇ ಕುಸಿದ. ಐವತ್ತನಾಲ್ಕು ವರ್ಷ.

ಆರನೇ ದಿನ ಚಲುವಮ್ಮ ನಂಜನಗೂಡಿನ ಬಸ್ಸು ಹತ್ತಿದಳು. ಗಂಡ ಸತ್ತು ಹನ್ನೊಂದು ದಿನ ಆಗಿಲ್ಲ, ಹೊಸ್ತಿಲು ದಾಟಿದಳು ಅಂತ ಕೇರಿಯವರು ಆಡಿಕೊಂಡರು. ಆಡಿಕೊಳ್ಳಲಿ.

ಆಫೀಸಿನಲ್ಲಿ ಪ್ರಚಾರದ ಮೀಟಿಂಗು. ಅಧ್ಯಕ್ಷರಿಬ್ಬರೂ ಇದ್ದರು. ಬಾಮೈದ ಕುರ್ಚಿಯಲ್ಲಿದ್ದ.

"ಅವ್ರು ತೀರ್ಕೊಂಡ ಸುದ್ದಿ ಯಾಕೆ ಆಕ್ಸಿಲ್ಲ?" ಅಂದಳು.

"ಬರ್ದು ಇಟ್ಟಿದೀವಿ ಚಲುವಮ್ಮ." ಬಸವಣ್ಣ ಒಂದು ಹಾಳೆ ತೋರಿಸಿದ. "ಒಂದೇ ಒಂದು ಪದಕ್ಕೆ ನಿಂತೋಗಿದೆ."

"ಯಾವ್ ಪದ?"

"ಮಾಧ್ಯಮ ಸಂಚಾಲಕರು ಅಂತ ಹಾಕಿ ಅಂತೀನಿ ನಾನು. ಮಾಜಿ ಸಂಚಾಲಕರು ಅಂತ ಹಾಕಿ ಅಂತಾರೆ ನಾಗೇಂದ್ರಣ್ಣ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹಾಲಿ ಸಂಚಾಲಕನಾಗಿ ಸತ್ತಿದ್ದರೆ ಜಾಗ ಈಗ ಖಾಲಿ. ಬಸವಣ್ಣ ತನ್ನ ಕಡೆಯವನನ್ನು ತಂದು ಕೂರಿಸಬಹುದು. ಮಾಜಿಯಾಗಿ ಸತ್ತಿದ್ದರೆ ಜಾಗ ಆಗಲೇ ತುಂಬಿದೆ. ಬಾಮೈದನನ್ನು ಯಾರೂ ಅಲ್ಲಾಡಿಸುವಂತಿಲ್ಲ.

"ಸೋಮವಾರವೇ ಬದಲಾವಣೆ ಆಗಿತ್ತಲ್ಲಮ್ಮ," ನಾಗೇಂದ್ರ ಮೆಲ್ಲಗೆ ಅಂದ. "ನಿಮ್ಗೂ ಗೊತ್ತು. ಹಂಗಂತ ಎರಡು ಸಾಲು ಬರ್ಕೊಡಿ, ಈಗ್ಲೇ ಕಳಿಸ್ತೀನಿ. ಫೋಟೋನೂ ದೊಡ್ದಾಗಿ ಹಾಕ್ಸಾಣ."

"ಆರ್ಡರ್ ಕೊಟ್ಟಿದ್ರಾ? ಇಲ್ವಲ್ಲ," ಬಸವಣ್ಣ ಮಧ್ಯೆ ಬಂದ. "ಚಲುವಮ್ಮ, ತೆಗ್ದಿರೋ ಪತ್ರ ನಮ್ಮನೆಗೆ ಬಂದಿಲ್ಲ ಅಂತ ಜಿಲ್ಲಾಧ್ಯಕ್ಷರ ಮುಂದೆ ಒಂದು ಮಾತು ಹೇಳಿ, ಸಾಕು."

"ಎರಡು ದಿಸ ಅವ್ರು ನಿಮ್ಗೆ ಫೋನ್ ಮಾಡಿದ್ರಲ್ಲ. ಆಗ ಎಲ್ಲೋಗಿತ್ತು ಈ ಬಾಯಿ?"

ಬಸವಣ್ಣ ಹಾಳೆ ಮಡಿಸಿಟ್ಟ.

"ನನ್ ಗಂಡ ನಂಗೆ ಮಾಜಿ ಅಲ್ಲ," ಅಂದಳು. "ಎಣ ಅಡ್ಡ ಮಲಗಿಸ್ಕೊಂಡು ಕುರ್ಚಿ ಅಳೀತಾ ಕೂತಿದೀರಿ. ನಿಮ್ಮಪ್ಪ ಸತ್ತಾಗ ತುಂಬಲಾರದ ನಷ್ಟ ಅಂತ ಬರ್ದಿದ್ದು ಯಾರು ನಾಗೇಂದ್ರಪ್ಪ? ಹಾಲಿ ಅಪ್ಪನಾ, ಮಾಜಿ ಅಪ್ಪನಾ ಅಂತ ಅವ್ರೇನಾರ ಕೇಳಿದ್ರಾ?"

ಬಾಮೈದ ಫಕ್ಕನೆ ನಕ್ಕುಬಿಟ್ಟ. ನಾಗೇಂದ್ರ ದುರುಗುಟ್ಟಿಕೊಂಡು ನೋಡಿದ ಮೇಲೆ ಹುಡುಗ ಫೋನಿನೊಳಕ್ಕೆ ಮುಖ ಹಾಕಿದ.

ಅಲ್ಲಿಂದ ಅವಳು ಬಸ್‌ಸ್ಟ್ಯಾಂಡಿಗೆ ಹೋದಳು. ವರದಿಗಾರ ಮಹದೇವಯ್ಯ ಯಾವಾಗಲೂ ಅಲ್ಲಿನ ಹೋಟೆಲಿನಲ್ಲಿ ಸಿಗುತ್ತಾನೆ ಅಂತ ಗಂಡ ಹೇಳುತ್ತಿದ್ದ. ಅವಳನ್ನು ಕಂಡು ಅವನು ಎದ್ದು ನಿಂತ.

"ಪಾರ್ಟಿಯಿಂದ ನೋಟ್ ಬರ್ಲಿ ಅಂತ ಕಾಯ್ತಿದ್ದೆ ಅಕ್ಕ."

"ನನ್ ಗಂಡ ಕೊಡ್ಸಿದ ಟೀ ಕುಡಿಯೋವಾಗ ನೋಟ್ ಕೇಳಿದ್ಯಾ? ಹದಿನೆಂಟು ವರ್ಷ ಅವ್ರು ಕೊಟ್ಟಿದ್ನೇ ಆಕ್ದೆ. ಒಂದ್ ದಿಸ ನೀನಾಗಿ ಬರಿ."

ಮಹದೇವಯ್ಯ ಪೆನ್ನು ತೆಗೆದ. ಅವಳು ಹೇಳಿದಳು: "ತಾಂಡವಪುರದ ದೊಡ್ಡಸಿದ್ದಯ್ಯ ತೀರ್ಕೊಂಡ್ರು. ಐವತ್ನಾಕು ವರ್ಷ. ಫ್ಯಾಕ್ಟರೀಲಿ ದುಡೀತಿದ್ರು. ಬೇರೆಯೋರ ಸುದ್ದಿ ಹದಿನೆಂಟು ವರ್ಷ ಬರುದ್ರು. ಎಂಡ್ತಿ ಅವ್ಳೆ."

"ಯಾವ ಪಕ್ಷ ಅಂತ ಹಾಕ್ಲಿ?"

"ಆಕ್ಬೇಡ."

"ಅಕ್ಕ, ಅದಿಲ್ದಿದ್ರೆ ಜನಕ್ಕೆ ಹೆಂಗೆ ಗೊತ್ತಾಗೋದು?"

"ಅವ್ರ್ನ ಕಂಡೋರಿಗೆ ಗೊತ್ತು. ಆಕ್ಬೇಡ ಅಂದ್ನಲ್ಲ."

ಮಾರನೇ ದಿನ ಬಂತು, ಐದು ಸಾಲು. ಒಂಬತ್ತು ಗಂಟೆಗೆ ಮುಂಚೆಯೇ ಬಸವಣ್ಣನ ಫೋನು.

"ಪಕ್ಷದ ಹೆಸರೇ ಇಲ್ವಲ್ಲ ಚಲುವಮ್ಮ. ಎದುರು ಪಾರ್ಟಿಯೋರು ನಗಾಡ್ತಾವ್ರೆ. ನಾಳೆ ಒಂದು ತಿದ್ದುಪಡಿ ಹಾಕ್ಸಾಣ."

"ಯಾರ್ ಬರೀತಾರೆ?" ಅಂದಳು.

ಬಸವಣ್ಣನ ಹಿಂದಿನಿಂದ ನಾಗೇಂದ್ರನ ದನಿ ಕೇಳಿತು: "ನಮ್ಮುಡ್ಗ ಬರೀತಾನೆ ಅಂತ ಹೇಳಿ." "ಯಾವ ಅಧಿಕಾರದ ಮೇಲೆ ಬರೀತಾನೆ ಅವ್ನು?" ಅಂತ ಬಸವಣ್ಣ ಆ ಕಡೆ ತಿರುಗಿ ರೇಗಿದ. ಇಬ್ಬರೂ ಅವಳ ಕಿವಿಯಲ್ಲೇ ಶುರು ಹಚ್ಚಿಕೊಂಡರು.

ಚಲುವಮ್ಮ ಫೋನ್ ಇಟ್ಟಳು. ಕತ್ತರಿ ತಂದು ಆ ಐದು ಸಾಲನ್ನು ಕತ್ತರಿಸಿಕೊಂಡಳು. ಉಳಿದ ಪೇಪರನ್ನು ಒಲೆಗೆ ಹಾಕಿದಳು.